ಅಯೋವಾದ ಟೈಟ್ ಎಂಡ್ ಕ್ಯಾಂಪ್: 90 ಡಾಲರ್‌ಗೆ ಮಗ ಏನು ಕಲಿತು ಬಂದ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗ ಇದ್ದು, ಅವನು ಟೈಟ್ ಎಂಡ್ ಜಾಗದಲ್ಲಿ ಆಡುತ್ತಿದ್ದರೆ, ಕಾಲೇಜು ಕೋಚ್‌ಗಳೇ ನಿಂತು ಕಲಿಸುವ ಇಂಥ ಕ್ಯಾಂಪ್‌ಗೆ ಒಂದು ಸಲವಾದರೂ ಕಳಿಸಿ. ನಾವು ಇರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ನಾವು ಹೋಗಿದ್ದು ಜೂನ್‌ನಲ್ಲಿ, ಸೀಡರ್ ರ‍್ಯಾಪಿಡ್ಸ್‌ನ ನಮ್ಮ ಮನೆಯಿಂದ ಎರಡು ಗಂಟೆ ದೂರದ ಒಂದು ಚಿಕ್ಕ ಕಾಲೇಜಿಗೆ. ಒಂದೇ ದಿನದ ಕ್ಯಾಂಪ್. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಫೀಸು 90 ಡಾಲರ್. ಕಾಲೇಜಿನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಹೇಳಬೇಕಾದ ದೂರುಗಳೂ ಇವೆ, ಮನಸ್ಸಿಟ್ಟು ಕಲಿಸಿದವರಿಗೆ ಅದರಿಂದ ಬೇಜಾರಾಗುವುದು ಬೇಡ. ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, ಯಾವುದೇ ಕ್ಯಾಂಪ್ ಆರಿಸುವಾಗ ಏನು ನೋಡಬೇಕು ಅನ್ನುವುದು ಇದರಿಂದ ತಿಳಿಯುತ್ತದೆ.

ಈ ಆಟ ನೋಡದವರಿಗೆ ಎರಡು ಮಾತು. ಹನ್ನೊಂದು ಜನರಲ್ಲಿ ಐದು ಜನ ಭಾರಿ ಆಳುಗಳು ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವುದು ಅವರ ಕೆಲಸ ಅಲ್ಲ. ಇನ್ನು ಕೆಲವರು ದೂರದಲ್ಲಿ ನಿಂತು, ಓಡಿಹೋಗಿ ಚೆಂಡು ಹಿಡಿಯುತ್ತಾರೆ. ಆ ಸಾಲಿನ ತುದಿಗೆ ಅಂಟಿಕೊಂಡು ನಿಲ್ಲುವವನು ಟೈಟ್ ಎಂಡ್. ಅವನಿಗೆ ಎರಡೂ ಕೆಲಸ. ಈ ಸಲ ತನಗಿಂತ ಐವತ್ತು ಪೌಂಡ್ ಜಾಸ್ತಿ ತೂಗುವವನನ್ನು ತಳ್ಳಬೇಕು, ಮುಂದಿನ ಸಲ ಅದೇ ಜಾಗದಿಂದ ಓಡಿ ಚೆಂಡು ಹಿಡಿಯಬೇಕು. ಯಾವುದು ಮಾಡುತ್ತಾನೆ ಅನ್ನುವುದು ಎದುರಿನವನಿಗೆ ಕೊನೆ ಕ್ಷಣದವರೆಗೂ ಗೊತ್ತಾಗಬಾರದು.

ನನ್ನ ಮಗನಿಗೆ ಹದಿನಾರು ವರ್ಷ. ಆರು ಅಡಿ ಎರಡು ಇಂಚು, 195 ಪೌಂಡ್. ಹೋದ ವರ್ಷದವರೆಗೂ ಅವನಿಗೆ ಚೆಂಡು ಹಿಡಿಯುವುದರ ಮೇಲೇ ಪ್ರಾಣ. ಚಳಿಗಾಲದಲ್ಲಿ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ನಾಲ್ಕು ತಿಂಗಳು ಕಳಿಸಿದ್ದೆವು. ಅಲ್ಲಿ ಎಲ್ಲ ಸೆವೆನ್ ಆನ್ ಸೆವೆನ್, ಅಂದರೆ ಏಳು ಜನ ಏಳು ಜನರ ಎದುರು ಆಡುವ ಆಟ. ಅದರಲ್ಲಿ ತಡೆಯುವ ಸಾಲೇ ಇರುವುದಿಲ್ಲ, ಬರೀ ಎಸೆಯುವುದು, ಹಿಡಿಯುವುದು. ಹುಡುಗರಿಗೆ ಖುಷಿ, ವಿಡಿಯೊ ಚೆನ್ನಾಗಿ ಬರುತ್ತದೆ. ಆದರೆ ನಾಲ್ಕು ತಿಂಗಳಲ್ಲಿ ಒಂದೇ ಒಂದು ದಿನ ಯಾರೂ ಅವನಿಗೆ ಬ್ಲಾಕಿಂಗ್, ಅಂದರೆ ಎದುರಿನವನನ್ನು ತಳ್ಳಿ ತಡೆಯುವುದು, ಹೇಳಿಕೊಡಲಿಲ್ಲ. ಅವನ ಕೆಲಸದ ಅರ್ಧ ಭಾಗ ಅದೇ ಅಲ್ವಾ? ಶಾಲೆಯ ತಂಡದಲ್ಲಿ ಮತ್ತೆ ನಿಂತಾಗ ಎದುರಿನ ಸಾಲಿನ ತುದಿಯಲ್ಲಿ ನಿಲ್ಲುವ ಡಿಫೆನ್ಸಿವ್ ಎಂಡ್ ಇವನನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿ ಹೋದ. ಆವತ್ತು ಮಗ ಕಾರಲ್ಲಿ ಒಂದು ಮಾತೂ ಆಡಲಿಲ್ಲ.

ಹಾಗಾಗಿ ಈ ಕ್ಯಾಂಪ್‌ನ ವೇಳಾಪಟ್ಟಿ ನೋಡಿದಾಗ ನನ್ನ ಕಣ್ಣು ಒಂದೇ ವಿಷಯದ ಮೇಲೆ ಬಿತ್ತು. ಬೆಳಗಿನ ಮೂರೂವರೆ ಗಂಟೆ ಪೂರ್ತಿ ಬ್ಲಾಕಿಂಗ್. ಚೆಂಡು ಮಧ್ಯಾಹ್ನದ ಊಟದ ನಂತರವೇ. ಆಗಲೇ ದುಡ್ಡು ಕಟ್ಟಿದೆ.

ಊರಿಂದ ನನ್ನ ಅಪ್ಪ ಬಂದಿದ್ದರು. ದಾವಣಗೆರೆಯವರು, ವಯಸ್ಸಿನಲ್ಲಿ ಗರಡಿ ಮನೆಯಲ್ಲಿ ಮೈ ಬೆಳೆಸಿದವರು. "ಮೊಮ್ಮಗ ಏನಾಡ್ತಾನೋ ನೋಡೇಬಿಡೋಣ" ಎಂದು ಅವರೂ ಹೊರಟರು. ಮಡಚುವ ಕುರ್ಚಿ ಹಾಕಿಕೊಂಡು ಮೈದಾನದ ಬದಿಯಲ್ಲಿ ಕೂತರು. ಕ್ಯಾಂಪ್‌ನಲ್ಲಿ ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ಟೀ ಶರ್ಟು, ಚಡ್ಡಿ, ಕ್ಲೀಟ್ಸ್ (ಮುಳ್ಳಿನ ಬೂಟು) ಅಷ್ಟೇ. ಟೈಟ್ ಎಂಡ್ ಗುಂಪಿನಲ್ಲಿ ಹದಿನೆಂಟು ಹುಡುಗರು, ಕಲಿಸಲು ಆ ಕಾಲೇಜಿನ ಟೈಟ್ ಎಂಡ್ ಕೋಚ್ ಮತ್ತು ಅದೇ ತಂಡದ ಇಬ್ಬರು ಆಟಗಾರರು.

ಮೊದಲ ನಲವತ್ತು ನಿಮಿಷ ಏನು ಮಾಡಿಸಿದರು ಗೊತ್ತಾ? ಒಂದೇ ಒಂದು ಹೆಜ್ಜೆ. ಬರೀ ಒಂದು ಹೆಜ್ಜೆ! ಮೂರು ಕಡೆ ಊರಿ ನಿಲ್ಲುವುದು, ಅಂದರೆ ಎರಡು ಕಾಲು, ಒಂದು ಕೈ ನೆಲಕ್ಕೆ. ಕೋಚ್ ಸೀಟಿ ಊದಿದಾಗ ಒಂದು ಕಾಲನ್ನು ಆರು ಇಂಚು ಮಾತ್ರ ಮುಂದಿಟ್ಟು ಹಾಗೇ ನಿಲ್ಲಬೇಕು. ನಮ್ಮ ಲೆಕ್ಕದಲ್ಲಿ ಒಂದು ಗೇಣಿಗಿಂತ ಕಡಿಮೆ. ಹುಡುಗರೆಲ್ಲ ಉತ್ಸಾಹದಲ್ಲಿ ಒಂದೂವರೆ ಅಡಿ ಹಾಕುತ್ತಿದ್ದರು. ಕೋಚ್ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತು, ನನ್ನ ಮಗನ ಬೂಟಿನ ಮುಂದೆ ತನ್ನ ಅಂಗೈ ಇಟ್ಟರು. "ನನ್ನ ಕೈ ತುಳಿಯಬೇಡ" ಅಂದರು. ಮಗ ಮೊದಲ ಸಲ ತುಳಿದೇಬಿಟ್ಟ. ಕೋಚ್ ಕೈ ತೆಗೆಯಲಿಲ್ಲ. ಎರಡನೇ ಸಲವೂ ಬೂಟಿನ ತುದಿ ಬೆರಳಿಗೆ ತಾಗಿತು. ಐದನೇ ಸಲಕ್ಕೆ ಬೂಟು ಅಂಗೈನ ಅಂಚಿಗೆ ಬಂದು ನಿಂತಿತು. ಅಷ್ಟಾದ ಮೇಲೆ ಅವರು ಎದ್ದು, ಪ್ಯಾಂಟಿನ ಮಂಡಿಗೆ ಅಂಟಿದ ಹುಲ್ಲು ಕೊಡವಿಕೊಂಡು, ಪಕ್ಕದ ಹುಡುಗನ ಮುಂದೆ ಕೂತರು. ಹದಿನೆಂಟು ಹುಡುಗರಿಗೂ ಹೀಗೇ. ನಾನು ಕೊಟ್ಟ 90 ಡಾಲರ್ ನನ್ನ ಮಟ್ಟಿಗೆ ಅಲ್ಲೇ ವಸೂಲಾಯಿತು.

ಕಾರಣವನ್ನೂ ಅವರು ಬಿಡಿಸಿ ಹೇಳಿದರು. ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲು ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಎದುರಿನವನು ಅದೇ ಹೊತ್ತಿಗೆ ಬಂದು ಗುದ್ದಿದರೆ ಒಂಟಿ ಕಾಲಲ್ಲಿ ನಿಂತವನು ಬೀಳಲೇಬೇಕು. ಚಿಕ್ಕ ಹೆಜ್ಜೆ ಇಟ್ಟರೆ, ಮೈಗೆ ಮೈ ತಾಗುವ ಹೊತ್ತಿಗೆ ಎರಡನೇ ಕಾಲೂ ನೆಲಕ್ಕೆ ಬಂದಿರುತ್ತದೆ.

ಆಮೇಲೆ ಹಲಗೆ. ಎಂಟು ಅಡಿ ಉದ್ದ, ಒಂದು ಅಡಿ ಅಗಲದ ಮರದ ಹಲಗೆಯನ್ನು ಹುಲ್ಲಿನ ಮೇಲೆ ಮಲಗಿಸಿರುತ್ತಾರೆ. ಹುಡುಗ ಅದರ ಎರಡೂ ಬದಿಗೆ ಕಾಲಿಟ್ಟು, ಮುಂದೆ ಮೆತ್ತೆ ಹಿಡಿದು ನಿಂತವನನ್ನು ಹಲಗೆಯ ಇನ್ನೊಂದು ತುದಿಯವರೆಗೂ ತಳ್ಳಿಕೊಂಡು ಹೋಗಬೇಕು. ಕಾಲು ಹತ್ತಿರ ಬಂದರೆ ಹಲಗೆ ತುಳಿಯುತ್ತಾನೆ, ಜಾರುತ್ತಾನೆ, ತಪ್ಪು ಅವನಿಗೇ ಗೊತ್ತಾಗುತ್ತದೆ. ಯಾರೂ ಬೈಯುವ ಅಗತ್ಯವೇ ಇಲ್ಲ. ಸೊಂಟ ತಗ್ಗಿಸಿ, ಬೆನ್ನು ಚಪ್ಪಟೆ ಮಾಡಿ, ಕೈಗಳನ್ನು ಎದುರಿನವನ ತೋಳುಗಳ ಒಳಬದಿಯಿಂದ ಎದೆಯ ಮೇಲೆ ಇಡಬೇಕು, ಹೆಬ್ಬೆರಳು ಮೇಲಕ್ಕಿರಬೇಕು, ಮೊಣಕೈ ಪಕ್ಕೆಗೆ ಹತ್ತಿರ ಇರಬೇಕು. ಕೈ ಹೊರಗಡೆಯಿಂದ ಹೋಗಿ ಭುಜದ ಬಟ್ಟೆ ಹಿಡಿದರೆ ಹೋಲ್ಡಿಂಗ್ ಅನ್ನುವ ತಪ್ಪು, ಹತ್ತು ಯಾರ್ಡ್ ದಂಡ.

ಇಷ್ಟು ಹೊತ್ತಿಗೆ ನನ್ನ ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. "ಇದು ಗರಡಿ ಮನೆ ಪಾಠನೇ ಅಲ್ಲೇನೋ! ನಮ್ಮ ಉಸ್ತಾದರೂ ಇದನ್ನೇ ಹೇಳ್ತಿದ್ರು, ಸೊಂಟ ಎದ್ದರೆ ಕುಸ್ತಿ ಹೋಯ್ತು ಅಂತ" ಎಂದರು. ಅವರಿಗೆ ಆಟದ ನಿಯಮ ಒಂದೂ ಗೊತ್ತಿಲ್ಲ. ಆದರೂ ಹದಿನೆಂಟು ಹುಡುಗರಲ್ಲಿ ಯಾರು ಸರಿಯಾಗಿ ನಿಂತಿದ್ದಾರೆ, ಯಾರು ಇಲ್ಲ ಅನ್ನುವುದನ್ನು ಆ ಕಡೆಯಿಂದ ಬೆರಳಿಟ್ಟು ತೋರಿಸಿದರು. ಅಯೋವಾ ಕುಸ್ತಿಯ ರಾಜ್ಯ ಬೇರೆ. 1972ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಡ್ಯಾನ್ ಗೇಬಲ್ ಇಲ್ಲಿಯವರೇ, ಆಮೇಲೆ ಅಯೋವಾ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕುಸ್ತಿ ಕಲಿಸಿದರು. ಚಳಿಗಾಲದಲ್ಲಿ ಕುಸ್ತಿ ಆಡುವ ಹುಡುಗರು ಬ್ಲಾಕಿಂಗ್ ಬೇಗ ಕಲಿಯುತ್ತಾರೆ ಎಂದು ಆ ಕೋಚ್ ಕೂಡ ಹೇಳಿದರು. ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ಎತ್ತರದಲ್ಲಿ ಚೆಂಡು ಹಿಡಿಯುವುದು ಸುಲಭ, ಕುಸ್ತಿಯವರಿಗೆ ತಳ್ಳುವುದು ಸುಲಭ. ಎರಡರಲ್ಲಿ ಒಂದು ಆಡಿದ್ದರೂ ಒಳ್ಳೆಯದು, ಸುಮ್ನೆ ವರ್ಷವಿಡೀ ಫುಟ್‌ಬಾಲ್ ಒಂದೇ ಬೇಡ ಅನ್ನುವುದು ಅವರ ಸಲಹೆ.

ಬೆಳಗಿನ ಕೊನೆಯ ಪಾಠ ಇಬ್ಬರು ಸೇರಿ ಮಾಡುವ ಬ್ಲಾಕ್. ಟೈಟ್ ಎಂಡ್ ಮತ್ತು ಪಕ್ಕದ ಟ್ಯಾಕಲ್ (ತಡೆಯುವ ಸಾಲಿನ ಕೊನೆಯವನು) ಸೇರಿ ಎದುರಿನ ಒಬ್ಬನನ್ನು ತಳ್ಳುತ್ತಾರೆ, ಆದರೆ ಇಬ್ಬರ ಕಣ್ಣೂ ಅವನ ಹಿಂದೆ ನಿಂತ ಲೈನ್‌ಬ್ಯಾಕರ್ ಮೇಲೆ. ಅವನು ಯಾರ ಕಡೆ ಬರುತ್ತಾನೋ ಅವರು ಬಿಟ್ಟು ಅವನನ್ನು ಹಿಡಿಯಬೇಕು, ಇನ್ನೊಬ್ಬ ಮೊದಲಿನವನನ್ನು ಒಬ್ಬನೇ ನಿಭಾಯಿಸಬೇಕು. ಕಬಡ್ಡಿಯಲ್ಲಿ ಇಬ್ಬರು ಕೈ ಕೈ ಹಿಡಿದು ಚೈನ್ ಮಾಡುತ್ತಾರಲ್ಲ, ಅಂಥದೇ ಹೊಂದಾಣಿಕೆ. ಬೇಗ ಬಿಟ್ಟರೂ ಕೆಟ್ಟಿತು, ತಡವಾಗಿ ಬಿಟ್ಟರೂ ಕೆಟ್ಟಿತು. ಮಗನಿಗೆ ಇದು ಆವತ್ತು ಬರಲಿಲ್ಲ. ಒಂದು ದಿನದಲ್ಲಿ ಬರುವಂಥದ್ದೂ ಅಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇಷ್ಟೆಲ್ಲ ತಳ್ಳುವುದು ಕಲಿತು ಏನು ಪ್ರಯೋಜನ, ಟಿವಿಯಲ್ಲಿ ಹೆಸರು ಮಾಡುವವರು ಚೆಂಡು ಹಿಡಿಯುವವರೇ ಅಲ್ವಾ ಎಂದು ಕೇಳುವ ಅಪ್ಪ ಅಮ್ಮಂದಿರು ತುಂಬ ಜನ. ನಮ್ಮ ರಾಜ್ಯದ ವಿಶ್ವವಿದ್ಯಾಲಯವನ್ನೇ ನೋಡಿ. ಅಯೋವಾದ ಮುಖ್ಯ ಕೋಚ್ ಕರ್ಕ್ ಫೆರೆಂಟ್ಜ್ 1999ರಲ್ಲಿ ಆ ಜಾಗಕ್ಕೆ ಬಂದವರು. ಅದಕ್ಕೂ ಮೊದಲು 1980ರ ದಶಕದಲ್ಲಿ ಅಲ್ಲೇ ಆ ತಡೆಯುವ ಸಾಲಿನ ಕೋಚ್ ಆಗಿದ್ದವರು. ಅವರ ತಂಡದಲ್ಲಿ ತಳ್ಳಲು ಬರದ ಟೈಟ್ ಎಂಡ್‌ಗೆ ಜಾಗ ಸಿಗುವುದು ಕಷ್ಟ. ಆದರೂ ಅಲ್ಲಿಂದ ಬಂದವರ ಸಾಲು ನೋಡಿ. ಡಲ್ಲಾಸ್ ಕ್ಲಾರ್ಕ್ ಸ್ಕಾಲರ್‌ಶಿಪ್ ಇಲ್ಲದೆ ಲೈನ್‌ಬ್ಯಾಕರ್ ಆಗಿ ಸೇರಿ, ಆಮೇಲೆ ಟೈಟ್ ಎಂಡ್ ಆಗಿ ಬದಲಾಗಿ, 2002ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿ ಪಡೆದರು. ಟಿ. ಜೆ. ಹಾಕೆನ್ಸನ್‌ಗೆ 2018ರಲ್ಲಿ ಅದೇ ಪ್ರಶಸ್ತಿ. ವೃತ್ತಿಪರ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2019ರ ಡ್ರಾಫ್ಟ್‌ನಲ್ಲಿ ಹಾಕೆನ್ಸನ್ 8ನೆಯವರಾಗಿ, ನೋವಾ ಫ್ಯಾಂಟ್ 20ನೆಯವರಾಗಿ ಆಯ್ಕೆಯಾದರು. ಒಂದೇ ಕಾಲೇಜು, ಒಂದೇ ವರ್ಷ, ಮೊದಲ ಸುತ್ತಿನಲ್ಲೇ ಇಬ್ಬರು ಟೈಟ್ ಎಂಡ್‌ಗಳು.

ನನಗೆ ಎಲ್ಲರಿಗಿಂತ ಇಷ್ಟ ಜಾರ್ಜ್ ಕಿಟಲ್. ಕಾಲೇಜಿನಲ್ಲಿ ಅಷ್ಟೂ ವರ್ಷ ಸೇರಿ ಹಿಡಿದದ್ದು 48 ಚೆಂಡು ಮಾತ್ರ. ಹಾಗಾಗಿ 2017ರ ಡ್ರಾಫ್ಟ್‌ನಲ್ಲಿ ಐದನೇ ಸುತ್ತಿನವರೆಗೆ, 146ನೆಯವನಾಗುವವರೆಗೆ ಕಾಯಬೇಕಾಯಿತು. ಆದರೆ ತಳ್ಳಲು ಬರುತ್ತಿತ್ತು. ತಳ್ಳಲು ಬರುವವನನ್ನು ಕೋಚ್ ಮೈದಾನದಿಂದ ಹೊರಗೆ ಕರೆಯುವುದಿಲ್ಲ, ಮೈದಾನದಲ್ಲಿ ಇದ್ದವನಿಗೇ ಚೆಂಡು ಬರುವುದು. ಮರುವರ್ಷವೇ, 2018ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಚೆಂಡು ಹಿಡಿದು ಗಳಿಸಿದ್ದು 1,377 ಯಾರ್ಡ್. ಆ ಹೊತ್ತಿಗೆ ಟೈಟ್ ಎಂಡ್ ಒಬ್ಬನ ಒಂದು ಋತುವಿನ ದಾಖಲೆ ಅದು.

ಬೇರೆ ದಾರಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬ್ರಾಕ್ ಬೋವರ್ಸ್‌ನನ್ನು ಸಾಲಿನಲ್ಲಿ, ಹೊರಗೆ, ಹಿಂದೆ, ಎಲ್ಲ ಕಡೆ ನಿಲ್ಲಿಸಿ ಆಡಿಸಿದರು. 2022, 2023 ಎರಡೂ ವರ್ಷ ಮ್ಯಾಕಿ ಪ್ರಶಸ್ತಿ ಅವನಿಗೇ. ಎರಡು ಸಲ ಗೆದ್ದ ಮೊದಲಿಗ ಅವನು. ಪೆನ್ ಸ್ಟೇಟ್‌ನ ಟೈಲರ್ ವಾರೆನ್ ಹೈಸ್ಕೂಲಿನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. 2024ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎದುರು ತಾನೇ ಮಧ್ಯದಲ್ಲಿ ಬಗ್ಗಿ ಚೆಂಡನ್ನು ಹಿಂದಕ್ಕೆ ಕೊಟ್ಟು, ಎದ್ದು ಓಡಿ, ಅದೇ ಚೆಂಡನ್ನು ಹಿಡಿದು ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ನನ್ನ ಮಗ ಆ ಒಂದು ಆಟವನ್ನು ಎಷ್ಟು ಸಲ ನೋಡಿದ್ದಾನೋ ಲೆಕ್ಕ ಇಲ್ಲ. ಅಂಥವರು ಅಪರೂಪ. ಸಾಮಾನ್ಯ ಮೈಕಟ್ಟಿನ ಹುಡುಗನಿಗೆ ಅಯೋವಾದ ದಾರಿಯೇ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ಊಟ ಫೀಸಿನಲ್ಲೇ ಸೇರಿತ್ತು. ಬರ್ಗರ್, ಕೋಳಿ, ಚೀಸ್ ಪಿಜ್ಜಾ. ಸಸ್ಯಾಹಾರಕ್ಕೆ ಇದ್ದದ್ದು ಪಿಜ್ಜಾ ಒಂದೇ, ಅದೂ ಮೊದಲು ಖಾಲಿಯಾಯಿತು. ನನ್ನ ಹೆಂಡತಿ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟಿದ್ದಕ್ಕೆ ಬಚಾವಾದೆವು. ಊಟದ ಹೊತ್ತಲ್ಲಿ ಕೋಚ್ ಅಪ್ಪ ಅಮ್ಮಂದಿರ ಹತ್ತಿರ ಬಂದು ಅರ್ಧ ಗಂಟೆ ಮಾತಾಡಿದರು. ಇದು ಕ್ಯಾಂಪ್‌ನ ವೇಳಾಪಟ್ಟಿಯಲ್ಲಿ ಇರಲಿಲ್ಲ, ಅವರಾಗಿಯೇ ಬಂದದ್ದು. ನಾನು ಮೈ ತೂಕದ ಬಗ್ಗೆ ಕೇಳಿದೆ. ಮನೆಯಲ್ಲಿ ಮಾಂಸ ಇಲ್ಲ, ಕಾಲೇಜು ಟೈಟ್ ಎಂಡ್‌ಗಳು 240, 250 ಪೌಂಡ್ ಇರುತ್ತಾರೆ, ನಮ್ಮ ಹುಡುಗನಿಗೆ ಇದು ಆಗುವ ಮಾತಾ ಎಂದು. ಅವರು ನಗಲಿಲ್ಲ, ಮಾಂಸ ತಿನ್ನಿಸಿ ಎಂದೂ ಹೇಳಲಿಲ್ಲ. ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದರು. ಬೇಳೆ, ಕಾಳು, ಹಾಲು, ಮೊಸರು, ಪನೀರ್, ಶೇಂಗಾ ಎಂದೆ. ಅದರಲ್ಲೇ ಆಗುತ್ತದೆ, ಆದರೆ ದಿನಕ್ಕೆ ಮೂರು ಊಟ ಸಾಲದು, ಐದು ಸಲ ತಿನ್ನಬೇಕು, ಬೆಳಗಿನ ತಿಂಡಿ ತಪ್ಪಿಸಲೇಬಾರದು, ಹದಿನಾರು ವರ್ಷದವನ ತೂಕ ಹೊಟ್ಟೆಯ ಸುತ್ತ ಏರಿದರೆ ಪ್ರಯೋಜನ ಇಲ್ಲ, ತೊಡೆ ಮತ್ತು ಬೆನ್ನಿನಲ್ಲಿ ಏರಬೇಕು ಎಂದರು. ಡಬ್ಬಿಯಲ್ಲಿ ಬರುವ ಪುಡಿಗಳ ಹಿಂದೆ ಬೀಳಬೇಡಿ ಎಂದೂ ಹೇಳಿದರು. ಟೈಟ್ ಎಂಡ್ ಬೆಳೆಯಲು ಟೈಮ್ ಹಿಡಿಯುತ್ತದೆ, ಯಾಕೆಂದರೆ ಅವನು ತಡೆಯುವ ಸಾಲಿನವರ ಪಾಠವನ್ನೂ ಓದಬೇಕು, ಚೆಂಡು ಹಿಡಿಯುವವರ ಪಾಠವನ್ನೂ ಓದಬೇಕು. ಹಾಗಾಗಿ ಕಾಲೇಜಿನಲ್ಲಿ ಮೊದಲ ವರ್ಷ ಎಷ್ಟೋ ಜನರನ್ನು ರೆಡ್‌ಶರ್ಟ್ ಮಾಡಿ, ಅಂದರೆ ಆಡಿಸದೆ ಅಥವಾ ನಾಲ್ಕು ಪಂದ್ಯಕ್ಕಿಂತ ಜಾಸ್ತಿ ಆಡಿಸದೆ, ಆಡುವ ಅರ್ಹತೆಯ ಒಂದು ವರ್ಷ ಉಳಿಸಿಕೊಳ್ಳುತ್ತಾರೆ.

ಮಧ್ಯಾಹ್ನದ ಪಾಠದಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಒಳ್ಳೆಯದು ಅಂದರೆ ಬೆಳಗಿನ ಹೆಜ್ಜೆಯನ್ನೇ ತಂದು ಇಲ್ಲಿಗೆ ಜೋಡಿಸಿದ್ದು. ತಳ್ಳುವಾಗ ಇಡುವ ಆ ಆರು ಇಂಚಿನ ಹೆಜ್ಜೆಯನ್ನೇ ಚೆಂಡಿಗೆ ಓಡುವಾಗಲೂ ಇಡಬೇಕು. ಆಗ ಲೈನ್‌ಬ್ಯಾಕರ್ ಇದು ಬ್ಲಾಕ್ ಎಂದುಕೊಂಡು ಮುಂದೆ ಬರುತ್ತಾನೆ, ಹುಡುಗ ಅವನ ಪಕ್ಕದಿಂದ ನುಸುಳಿ ಹಿಂದಿನ ಖಾಲಿ ಜಾಗಕ್ಕೆ ಓಡುತ್ತಾನೆ. ಇದನ್ನು ಮಾಡಿ ತೋರಿಸಿದಾಗ ಮಗ ನನ್ನ ಕಡೆ ತಿರುಗಿ ನೋಡಿದ. ಬೆಳಗ್ಗೆ ನಲವತ್ತು ನಿಮಿಷ ಯಾಕೆ ಮಾಡಿಸಿದರು ಅಂತ ಅವನಿಗೆ ಆಗ ಹೊಳೆದಿತ್ತು. ಆರು ಯಾರ್ಡ್ ಓಡಿ ತಿರುಗುವ ಸ್ಟಿಕ್ ರೂಟ್ ಕಲಿಸಿದರು. ಎದುರಿನವರು ಜಾಗ ಕಾಯುತ್ತಿದ್ದರೆ ಖಾಲಿ ಇರುವ ಕಡೆ ನಿಂತುಬಿಡು, ಒಬ್ಬನೇ ಬೆನ್ನು ಹತ್ತಿದ್ದರೆ ನಿಲ್ಲದೆ ಹೊರಗೆ ಓಡು. ಹಿಡಿಯುವುದರಲ್ಲೂ ಸಣ್ಣ ಸಣ್ಣ ವಿಷಯಗಳು. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳು ಜೋಡಿಸು, ಕೆಳಗೆ ಬಂದರೆ ಕಿರುಬೆರಳು ಜೋಡಿಸು, ಚೆಂಡು ಕಂಕುಳಿಗೆ ಸೇರುವವರೆಗೂ ಕಣ್ಣು ತೆಗೆಯಬೇಡ.

ಕೆಟ್ಟದ್ದು ಅಂದರೆ ಕಾಯುವುದು. ಎರಡು ಗಂಟೆಯ ನಂತರ ಟೈಟ್ ಎಂಡ್ ಗುಂಪನ್ನು ದೂರದಲ್ಲಿ ನಿಂತು ಓಡಿ ಚೆಂಡು ಹಿಡಿಯುವ ವೈಡ್ ರಿಸೀವರ್ ಹುಡುಗರ ಜೊತೆ ಸೇರಿಸಿದರು. ಐವತ್ತಕ್ಕೂ ಜಾಸ್ತಿ ಹುಡುಗರು, ಚೆಂಡು ಎಸೆಯುವ ಯಂತ್ರ ಒಂದೇ. ನಾನು ಎಣಿಸಿದೆ, ಒಂದು ಗಂಟೆಯಲ್ಲಿ ಮಗನ ಕೈಗೆ ಬಂದದ್ದು ಒಂಬತ್ತು ಚೆಂಡು. ಉಳಿದ ಹೊತ್ತೆಲ್ಲ ಬಿಸಿಲಲ್ಲಿ ಸಾಲು. ಬೆಳಗ್ಗೆ ಅಷ್ಟು ಅಚ್ಚುಕಟ್ಟಾಗಿ ನಡೆಸಿದವರು ಇಲ್ಲಿ ಯಾಕೆ ಹೀಗೆ ಮಾಡಿದರೋ. ಇನ್ನೊಂದು ಯಂತ್ರ ಬಾಡಿಗೆಗೆ ತಂದಿದ್ದರೆ ಮುಗಿಯುತ್ತಿತ್ತು, ಬೇಕಿದ್ದರೆ ಹತ್ತು ಡಾಲರ್ ಜಾಸ್ತಿ ತೆಗೆದುಕೊಳ್ಳಲಿ.

ಎರಡನೇ ದೂರು ವರದಿಯದ್ದು. ಪ್ರತಿ ಹುಡುಗನಿಗೂ ಒಂದು ವಾರದಲ್ಲಿ ಬರಹದಲ್ಲಿ ಅಭಿಪ್ರಾಯ ಕಳಿಸುತ್ತೇವೆ ಎಂದಿದ್ದರು. ಬಂದದ್ದು ಮೂರು ವಾರಕ್ಕೆ. ಅದರಲ್ಲಿ ಇದ್ದದ್ದು ಎಲ್ಲರಿಗೂ ಒಪ್ಪುವ ನಾಲ್ಕು ಸಾಲು. ನಾನು ಇಮೇಲ್ ಬರೆದು, ನಮಗೆ ಹೊಗಳಿಕೆ ಬೇಡ, ಏನು ತಿದ್ದಿಕೊಳ್ಳಬೇಕು ಅದನ್ನು ಹೇಳಿ ಎಂದೆ. ಎರಡು ದಿನಕ್ಕೆ ಕೋಚ್ ಫೋನ್ ಮಾಡಿದರು. ಮಗನ ಜೊತೆಗೇ ಮಾತಾಡಿದರು. ಬಲಗಡೆ ನಿಂತಾಗ ಹೆಜ್ಜೆ ಸರಿ ಇದೆ, ಎಡಗಡೆ ನಿಂತಾಗ ಸೊಂಟ ಬೇಗ ಏಳುತ್ತದೆ ಎಂದರು. ಅಂದರೆ ನೋಡಿದ್ದರು, ನೆನಪೂ ಇತ್ತು. ಕಾಗದದಲ್ಲಿ ಅದನ್ನೇ ಬರೆದಿದ್ದರೆ ಉಳಿದ ಹದಿನೇಳು ಹುಡುಗರಿಗೂ ಉಪಯೋಗ ಆಗುತ್ತಿತ್ತಲ್ಲ.

ಇನ್ನು ಸ್ಕಾಲರ್‌ಶಿಪ್ ಆಸೆ. ತುಂಬ ಮನೆಯವರು ಕ್ಯಾಂಪ್‌ಗೆ ಹೋದರೆ ಸೀಟು ಸಿಗುತ್ತದೆ ಎಂದು ಹೋಗುತ್ತಾರೆ. ನಾವು ಹೋದದ್ದು ಡಿವಿಷನ್ 3, ಅಂದರೆ ಕಾಲೇಜು ಕ್ರೀಡೆಯ ಮೂರನೇ ಹಂತದ ಕಾಲೇಜು, ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ದೊಡ್ಡ ಕಾಲೇಜುಗಳ ಕ್ಯಾಂಪ್‌ಗಳೂ ನಿಯಮದ ಪ್ರಕಾರ ಎಲ್ಲರಿಗೂ ತೆರೆದಿರುತ್ತವೆ, ವಯಸ್ಸು, ತರಗತಿ, ಸಂಖ್ಯೆಯಂಥ ಮಿತಿಗಳು ಮಾತ್ರ. ಹಾಗಾಗಿ ನಿಮಗೆ ಬಂದ ಆಹ್ವಾನದ ಇಮೇಲ್ ಸಾವಿರಾರು ಮನೆಗೂ ಹೋಗಿರುತ್ತದೆ. ಕಲಿಯಲು ಕಳಿಸಿ, ಅಷ್ಟೇ. ಆ ಲೆಕ್ಕದಲ್ಲಿ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಬೆಳಗಿನ ಪಾಠಕ್ಕೆ ಮಾತ್ರ ಕೊಡಿ ಅಂದರೆ ಐದಕ್ಕೆ ಐದು.

ಕ್ಯಾಂಪ್ ಆರಿಸುವಾಗ ಮೂರು ಪ್ರಶ್ನೆ ಫೋನ್ ಮಾಡಿಯೇ ಕೇಳಿ. ಬ್ಲಾಕಿಂಗ್‌ಗೆ ಎಷ್ಟು ಹೊತ್ತು? ಕಲಿಸುವವರು ಆ ಕಾಲೇಜಿನ ಟೈಟ್ ಎಂಡ್ ಕೋಚೇ ಅಥವಾ ಬಾಡಿಗೆಗೆ ಕರೆಸಿದವರೇ? ಒಬ್ಬ ಕೋಚ್‌ಗೆ ಎಷ್ಟು ಹುಡುಗರು? ಉತ್ತರ ತಡವರಿಸಿದರೆ ಬಿಟ್ಟುಬಿಡಿ, ಬೇರೆ ಕಡೆ ನೋಡಿ.

ನಮ್ಮ ಗ್ಯಾರೇಜಿನ ನೆಲದಲ್ಲಿ ಈಗ ಎರಡು ಟೇಪ್ ಪಟ್ಟಿ ಇವೆ, ಆರು ಇಂಚು ದೂರದಲ್ಲಿ. ಶಾಲೆಯಿಂದ ಬಂದ ಕೂಡಲೇ ಮಗ ಅಲ್ಲಿ ಎಡಗಡೆಯ ಹೆಜ್ಜೆ ಐವತ್ತು ಸಲ ಇಡುತ್ತಾನೆ. ಅಜ್ಜ ಊರಿಗೆ ವಾಪಸ್ ಹೋಗುವವರೆಗೂ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಸೊಂಟ ಎಷ್ಟು ಸಲ ಎದ್ದಿತು ಎಂದು ಎಣಿಸುತ್ತಿದ್ದರು, ಈಗ ಭಾನುವಾರ ಬೆಳಗ್ಗೆ ವಿಡಿಯೊ ಕಾಲ್‌ನಲ್ಲಿ ಕೇಳುತ್ತಾರೆ, "ತಗ್ಗಿತೇನೋ ಸೊಂಟ?" ಎಂದು.

ಮುಂದಿನ ಜೂನ್‌ಗೂ ಇಲ್ಲಿಗೇ ಕಳಿಸುತ್ತೇವೆ. ಹೋಗುವವರು ಊಟ ಕಟ್ಟಿಕೊಂಡು ಹೋಗಿ, ನೆರಳಿಗೆ ಛತ್ರಿ ಇರಲಿ, ಕಾಲುಚೀಲ ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಬೆಳಗ್ಗೆ ಎಂಟಕ್ಕೆ ಹುಲ್ಲು ಪೂರ್ತಿ ಒದ್ದೆ ಇರುತ್ತದೆ.